ತುಕ್ಕು ಹಿಡಿದ ಫಿಯೆಟ್: ಮಳೆಗಾಲಕ್ಕೆ ಮುನ್ನ ಒಂದು ನಿರ್ಧಾರ

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಹಳೆಯ ಹೌಸಿಂಗ್ ಸೊಸೈಟಿಗಳ ಆವರಣದಲ್ಲಿ ಒಂದು ಸುತ್ತು ಬಂದರೆ ಯಾವುದಾದರೊಂದು ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತ ಹಳೆಯ ಕಾರೊಂದು ಕಾಣಸಿಗುವುದುಂಟು. ಟಯರುಗಳು ಗಾಳಿ ಕಳೆದುಕೊಂಡು ನೆಲಕ್ಕೆ ಅಂಟಿರುತ್ತವೆ. ಟಾರ್ಪಾಲು ಸರಿದ ಕಡೆ ಕಂದು ಬಣ್ಣದ ತುಕ್ಕು ಇಣುಕುತ್ತಿರುತ್ತದೆ. ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ ಪ್ರತಿವರ್ಷವೂ ಅದರ ಪ್ರಸ್ತಾಪ ಬರುತ್ತದೆ. ಮುಂದಿನ ವರ್ಷ ಖಂಡಿತ ಏನಾದರೂ ಮಾಡುತ್ತೇನೆ ಎಂದು ಮಾಲೀಕರು ಮಾತು ಕೊಡುತ್ತಾರೆ. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದು ಹೋಗಿರುತ್ತದೆ. ಆ ಕಾರು ಹೆಚ್ಚಾಗಿ ಫಿಯೆಟ್, ಅರ್ಥಾತ್ ಪ್ರೀಮಿಯರ್ ಪದ್ಮಿನಿ.

ಇಂತಹ ಕಾರನ್ನು ಮಾರಲೂ ಆಗದೆ, ಓಡಿಸಲೂ ಆಗದೆ ಇಟ್ಟುಕೊಂಡವರಲ್ಲಿ ನಮ್ಮ ಕನ್ನಡಿಗ ಬಂಧುಗಳು ಕಡಿಮೆಯೇನಿಲ್ಲ. ಅದನ್ನು ಮತ್ತೆ ರಸ್ತೆಗಿಳಿಸಬೇಕೆಂಬ ಆಸೆ ಹಲವರಿಗಿದೆ. ಆದರೆ ತುಕ್ಕು ಮಾಲೀಕರ ಬಿಡುವಿಗಾಗಿ ಕಾಯುವುದಿಲ್ಲ. ಇಂದು ಒಂದು ಅಂಗೈಯಗಲ ತಗಡಿನ ತೇಪೆಯಲ್ಲಿ ಮುಗಿಯುವ ಕೆಲಸ ಎರಡು ಮಳೆಗಾಲದ ಬಳಿಕ ಇಡೀ ನೆಲಹಾಸನ್ನೇ ಬದಲಿಸುವ ಕೆಲಸವಾಗುತ್ತದೆ. ಆದುದರಿಂದ ಈ ಲೇಖನದ ಉದ್ದೇಶ ಒಂದೇ. ಉಳಿಸುವುದಾದರೆ ಹೇಗೆ ಉಳಿಸಬೇಕು, ಬಿಡುವುದಾದರೆ ಹೇಗೆ ಬಿಡಬೇಕು ಎಂಬುದನ್ನು ಜೂನ್ ತಿಂಗಳ ಮೊದಲ ಮಳೆ ಬೀಳುವ ಮುನ್ನ ಮನೆಯವರೆಲ್ಲ ಕುಳಿತು ತೀರ್ಮಾನಿಸಲು ಬೇಕಾದ ಮಾಹಿತಿ ಕೊಡುವುದು.

ಕುರ್ಲಾದಿಂದ ಊರಿನವರೆಗೆ

ಈ ಕಾರಿಗೂ ಮುಂಬಯಿಗೂ ಇರುವ ನಂಟು ಎಲ್ಲರಿಗೂ ಗೊತ್ತು. ಕರ್ನಾಟಕಕ್ಕೂ ಒಂದು ನಂಟಿದೆ ಎಂಬುದು ಅನೇಕರಿಗೆ ತಿಳಿಯದು. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಅವರು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮೈಸೂರು ಸಂಸ್ಥಾನ ನೆರವಿಗೆ ಮುಂದಾದರೂ ಬ್ರಿಟಿಷ್ ಸರಕಾರ ಅಡ್ಡಗಾಲು ಹಾಕಿದ್ದರಿಂದ ಬೆಂಗಳೂರಿನಲ್ಲಿ ಕಾರಿನ ಕಾರ್ಖಾನೆ ಆಗಲಿಲ್ಲ. ಅದೇ ವಾಲ್‌ಚಂದರು 1940ರಲ್ಲಿ ಮೈಸೂರು ಸರಕಾರದ ಜತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್‌ನ ಮೂಲ ಅದೇ. ಕಾರಿನ ಕನಸು ಮುಂಬಯಿಗೆ ಬಂತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿಕೊಂಡಿತು. ಕುರ್ಲಾದಲ್ಲಿ ಪ್ರೀಮಿಯರ್ ರೋಡ್ ಎಂಬ ಹೆಸರು ಈಗಲೂ ಉಳಿದಿದೆ.

ಆರಂಭದಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿಯ ಗಾಡಿಗಳು, 1950ರ ದಶಕದಲ್ಲಿ ಇಟಲಿಯ ಫಿಯೆಟ್ ಕಂಪೆನಿಯ ಕಾರುಗಳು ಇಲ್ಲಿ ಜೋಡಣೆಯಾದವು. ಆ ಕಾಲದ ಗುಂಡು ಮೂತಿಯ ಫಿಯೆಟ್ಟಿಗೆ ಮುಂಬಯಿಯ ಜನ ಡುಕ್ಕರ್ ಫಿಯೆಟ್ ಎಂದು ಅಡ್ಡಹೆಸರಿಟ್ಟಿದ್ದರು. ಮರಾಠಿಯಲ್ಲಿ ಡುಕ್ಕರ್ ಎಂದರೆ ಹಂದಿ! 1964ರಲ್ಲಿ 1100 ಡಿಲೈಟ್ ಬಂತು. 1970ರ ದಶಕದಲ್ಲಿ ಅದೇ ಕಾರು ಫಿಯೆಟ್ ಹೆಸರು ಕಳಚಿ ಮೊದಲು ಪ್ರೆಸಿಡೆಂಟ್, ಬಳಿಕ ಪದ್ಮಿನಿ ಆಯಿತು. ಆದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಮುಂದಿನ ಸೀಟು ಸೋಫಾದಂತೆ ಉದ್ದಕ್ಕೆ ಒಂದೇ ಆಗಿದ್ದುದರಿಂದ ಮುಂದೆ ಮೂವರು, ಹಿಂದೆ ಎಷ್ಟು ಜನ ಎಂಬ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲ.

ಲೈಸೆನ್ಸ್ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಆದುದರಿಂದ ನಮ್ಮ ಹೊಟೇಲಿಗರು, ಬ್ಯಾಂಕ್ ಉದ್ಯೋಗಿಗಳು ಹೆಚ್ಚಾಗಿ ಕೊಂಡದ್ದು ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡಲು ಆರಂಭಿಸುವವರೆಗೆ ಮುಂಬಯಿಯಿಂದ ಕರಾವಳಿಯ ಊರಿಗೆ ಹೋಗಲು ಬಸ್ಸು ಬಿಟ್ಟರೆ ಸ್ವಂತ ಗಾಡಿಯೇ ಗತಿ. ಅಂದಿನ ರಾಷ್ಟ್ರೀಯ ಹೆದ್ದಾರಿ 17, ಇಂದಿನ 66, ಅದರ ಘಾಟಿಗಳಲ್ಲಿ ರೇಡಿಯೇಟರಿನ ನೀರು ಕುದಿದು ಗಾಡಿ ನಿಲ್ಲಿಸಿದ ನೆನಪು ಇಲ್ಲದ ಮನೆ ಅಪರೂಪ.

ಆ ಯುಗ ಮುಗಿದಿದೆ. ಹೊಸ ಶತಮಾನದ ಆರಂಭದ ಹೊತ್ತಿಗೆ ಪದ್ಮಿನಿಯ ತಯಾರಿ ನಿಂತಿತು. ಮುಂಬಯಿಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ತಾಡ್‌ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ನಗರದ ಟ್ಯಾಕ್ಸಿಗಳಿಗೆ 20 ವರ್ಷಗಳ ವಯೋಮಿತಿ ಇರುವುದರಿಂದ 2023ರ ಅಕ್ಟೋಬರ್ 30ರಿಂದ ಅವು ಬೀದಿಯಿಂದ ಮರೆಯಾದವು. ಅದಕ್ಕೆ ಕೆಲವೇ ವಾರ ಮೊದಲು ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸೂ ವಿದಾಯ ಹೇಳಿತ್ತು. ಈ ಟ್ಯಾಕ್ಸಿಗಳ ನಿರ್ಗಮನ ಖಾಸಗಿ ಫಿಯೆಟ್ ಉಳ್ಳವರಿಗೆ ದೊಡ್ಡ ಪೆಟ್ಟು. ಬಿಡಿಭಾಗ ತಯಾರಿಸುವವರಿಗೂ ಮೇಸ್ತ್ರಿಗಳಿಗೂ ದಿನನಿತ್ಯದ ಗಿರಾಕಿಗಳಾಗಿದ್ದವರು ಟ್ಯಾಕ್ಸಿಯವರೇ ಹೊರತು ನಾವಲ್ಲ.

ಮೊದಲು ಕಾಗದ, ಬಳಿಕ ತಗಡು

ಹಳೆಯ ಕಾರಿನ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಪೇಂಟಿನ ಬಣ್ಣದ ಬಗ್ಗೆ ಚರ್ಚೆ ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ತೆರೆಯಬೇಕಾದದ್ದು ಕಾರಿನ ಬಾನೆಟ್ ಅಲ್ಲ, ಮನೆಯ ಕಪಾಟು. ಆರ್‌ಸಿ ಪುಸ್ತಕ ಇದೆಯೇ? ಯಾರ ಹೆಸರಿನಲ್ಲಿದೆ? ಅದರಲ್ಲಿರುವ ಎಂಜಿನ್ ನಂಬರ್ ಮತ್ತು ಚಾಸಿಸ್ ನಂಬರ್ ಗಾಡಿಯ ಮೇಲಿರುವುದಕ್ಕೆ ಹೊಂದುತ್ತವೆಯೇ? ಹಿಂದೆ ಟ್ಯಾಕ್ಸಿಯವರಿಂದ ಎಂಜಿನ್ ಕೊಂಡು ಬದಲಾಯಿಸಿ, ಆರ್‌ಸಿಯಲ್ಲಿ ನಮೂದಿಸದೆ ಬಿಟ್ಟ ಉದಾಹರಣೆಗಳಿವೆ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸುವ ಕೆಲಸ ಮೊದಲು ಆಗಬೇಕು. ಇದ್ಯಾವುದೂ ಸರಿಯಿಲ್ಲದ ಗಾಡಿಗೆ ಲಕ್ಷಗಟ್ಟಲೆ ಸುರಿದರೆ ಕೊನೆಗೆ ಸಿಗುವುದು ಚಂದದ ಒಂದು ಪ್ರದರ್ಶನದ ಗೊಂಬೆ.

ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಷ್ಯ. ಆ ಬಳಿಕ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2025ರ ಆಗಸ್ಟ್‌ನ ತಿದ್ದುಪಡಿಯ ಪ್ರಕಾರ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ. ರಾಜ್ಯದ ಪರಿಸರ ತೆರಿಗೆ ಮತ್ತು ತಡವಾದುದಕ್ಕೆ ಬೀಳುವ ಹೆಚ್ಚುವರಿ ಶುಲ್ಕ ಬೇರೆ. ಎಷ್ಟಾಗುತ್ತದೆ ಎಂಬುದನ್ನು ಆರ್‌ಟಿಒದಲ್ಲಿ ಮೊದಲೇ ಲೆಕ್ಕ ಹಾಕಿಸಿಕೊಳ್ಳುವುದು ಲೇಸು. ದೆಹಲಿಯ ಕನ್ನಡಿಗರು ಮಾತ್ರ ಒಂದು ಹೆಜ್ಜೆ ಹಿಂದೆ ನಿಂತು ಯೋಚಿಸಬೇಕು. ಅಲ್ಲಿ 2015ರ ಹಸಿರು ನ್ಯಾಯಮಂಡಳಿ ಆದೇಶ, 2018ರ ಸುಪ್ರೀಂ ಕೋರ್ಟ್ ಆದೇಶದಿಂದ ಹಳೆಯ ಗಾಡಿಗಳಿಗೆ ಬೇರೆಯೇ ಕಟ್ಟುಪಾಡುಗಳಿವೆ.

50 ವರ್ಷ ದಾಟಿದ ಕಾರುಗಳಿಗೆ 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ನೋಂದಣಿ ಎಂಬ ಪ್ರತ್ಯೇಕ ದಾರಿ ಮಾಡಿಕೊಟ್ಟಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಸಿಂಧು, ಮರುನೋಂದಣಿಗೆ 5,000 ರೂಪಾಯಿ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ಅಂದರೆ 'ಎಂಎಂ' ಎಂದೋ ಹಳೆಯ ಮೈಸೂರಿನ 'ಎಂವೈ' ಎಂದೋ ಆರಂಭವಾಗುವ ನಂಬರಿಗೆ ಚ್ಯುತಿಯಿಲ್ಲ. ಡಿಲೈಟ್ ಕಾರುಗಳೆಲ್ಲ ಈ ವಯಸ್ಸು ದಾಟಿವೆ. ಪದ್ಮಿನಿಗಳಲ್ಲಿ ಮೊದಮೊದಲಿನವು ಈಗ ಆ ಹೊಸ್ತಿಲಲ್ಲಿವೆ. ಆದರೆ ಷರತ್ತನ್ನು ಗಮನಿಸಿ: ಬಾಡಿ, ಎಂಜಿನ್ ಮೂಲ ಸ್ವರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಷ್ಟಕ್ಕೇ ರಸ್ತೆ. ದಿನವೂ ಓಡಿಸಬೇಕೆನ್ನುವವರು ಮಾಮೂಲಿ ನವೀಕರಣವನ್ನೇ ಹಿಡಿಯಬೇಕು.

ತುಕ್ಕಿನ ಜಾಡು

ಫಿಯೆಟ್ಟಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಹಾಗಾಗಿ ತುಕ್ಕು ಇಲ್ಲಿ ಕೇವಲ ಅಂದದ ಪ್ರಶ್ನೆಯಲ್ಲ. ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಿನವರೆಗೆ ಸಾಗುವ ಪೆಟ್ಟಿಗೆಯಾಕಾರದ ಅಂಚು ಗಾಡಿಯ ಬೆನ್ನೆಲುಬು ಇದ್ದಂತೆ. ಅದು ಒಳಗೊಳಗೇ ಕರಗಿದ್ದರೆ ಬಾಗಿಲು ಮುಚ್ಚುವಾಗ ಕೆಳಗೆ ತಾಗುತ್ತದೆ. ಬಾಗಿಲು ಎತ್ತಿ ಮುಚ್ಚಬೇಕಾದ ಫಿಯೆಟ್ ಕಂಡರೆ ಅದು ಹಿಂಜಿನ ದೋಷ ಎಂದು ಬ್ರೋಕರ್ ಹೇಳಿದ್ದನ್ನು ನಂಬಬಾರದು.

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಸೇರಿದರೆ ತುಕ್ಕು. ಸಮುದ್ರದ ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ಮುಂಬಯಿಗೂ ಮಂಗಳೂರಿಗೂ ಚೆನ್ನೈಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಪುಣೆ, ಹೈದರಾಬಾದ್‌ನಲ್ಲಿ ನಿಂತ ಗಾಡಿಗಳು ಸಾಮಾನ್ಯವಾಗಿ ಇದಕ್ಕಿಂತ ಗಟ್ಟಿ. ತುಕ್ಕಿಗೆ ಮೂಲ ತಗಡಿಗಿಂತ ಹೆಚ್ಚು ಜಾಗ ಬೇಕು. ಅದಕ್ಕಾಗಿ ಅದು ಪೇಂಟನ್ನು ಒಳಗಿನಿಂದ ಎತ್ತುತ್ತದೆ. ಹೊರಗೆ ಒಂದು ಕಡಲೆ ಗಾತ್ರದ ಗುಳ್ಳೆ ಕಂಡರೆ ಒಳಗೆ ರೂಪಾಯಿಯಗಲದ ತೂತು ತಯಾರಾಗುತ್ತಿದೆ ಎಂದೇ ತಿಳಿಯಬೇಕು.

ಟಾರ್ಪಾಲು ಹೊದಿಸಿದ್ದೇವಲ್ಲ ಎಂದು ಸಮಾಧಾನಪಡುವವರಿದ್ದಾರೆ. ಗಾಳಿಯಾಡದ ಟಾರ್ಪಾಲು ನೆಲದ ಹಸಿಯನ್ನು ಗಾಡಿಗೇ ಕಟ್ಟಿಹಾಕುತ್ತದೆ. ಅದಕ್ಕಿಂತ ಮಾಡಿನಡಿ ಬರಿಮೈಯಲ್ಲಿ ನಿಂತ ಗಾಡಿ ಎಷ್ಟೋ ವಾಸಿ. ಇನ್ನೊಂದು ಶತ್ರು ಗಾಜಿನ ಸುತ್ತಲಿನ ರಬ್ಬರು. ಅದು ಒಣಗಿ ಬಿರಿದಾಗ ಮಳೆನೀರು ಒಳಗಿಳಿದು ಕಾರ್ಪೆಟಿನಡಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಾಗಿಲುಗಳ ಅಡಿಯಲ್ಲಿ ನೀರು ಹರಿದುಹೋಗಲೆಂದು ಸಣ್ಣ ಕಿಂಡಿಗಳಿವೆ. ಎಲೆ, ಧೂಳು ಸೇರಿ ಅವು ಮುಚ್ಚಿಕೊಂಡರೆ ಬಾಗಿಲೇ ನೀರಿನ ಹಂಡೆ. ಒಂದು ತುಂಡು ತಂತಿಯಿಂದ ಐದು ನಿಮಿಷದಲ್ಲಿ ಬಿಡಿಸಬಹುದಾದ ಈ ಕಿಂಡಿಗಳಿಂದಾಗಿ ಎಷ್ಟು ಬಾಗಿಲುಗಳು ಗುಜರಿ ಸೇರಿವೆಯೋ!

ಗಾಡಿ ಉಳಿಸಲು ಯೋಗ್ಯವೇ ಎಂದು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಬಟ್ಟೆಯಲ್ಲಿ ಸುತ್ತಿದ ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಸಾಕು. ಅಯಸ್ಕಾಂತ ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ಹಿಂದೆ ಟ್ಯಾಕ್ಸಿಯಾಗಿ ಓಡಿದ ಗಾಡಿಯಾದರೆ ಪುಟ್ಟಿಯ ಮೇಲೆ ಪುಟ್ಟಿ. ಕಾರ್ಪೆಟ್ ಎತ್ತಿ ಕಾಲಿಡುವ ಜಾಗ, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಚಕ್ರಗಳ ಮೇಲಿನ ಕಮಾನು, ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಬಾಡಿಗೆ ಸೇರುವ ಜಾಗ, ಇಲ್ಲೆಲ್ಲ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದ ಗಾಡಿಯನ್ನು ಕಂಡರೆ ಇನ್ನಷ್ಟು ಗಟ್ಟಿಯಾಗಿ ಒತ್ತಬೇಕು.

ಫೋರ್ಟಿನಲ್ಲಿ ಬಹುಕಾಲ ಕ್ಯಾಂಟೀನ್ ನಡೆಸಿದ ನನ್ನ ಸೋದರಮಾವನ ಫಿಯೆಟ್ಟನ್ನು ಹೀಗೆ ಪರೀಕ್ಷಿಸಿದಾಗ ಡ್ರೈವರ್ ಪಕ್ಕದ ನೆಲದಲ್ಲಿ ಮೇಸ್ತ್ರಿಯ ಸ್ಕ್ರೂಡ್ರೈವರ್ ಹಪ್ಪಳಕ್ಕೆ ಚುಚ್ಚಿದಂತೆ ಇಳಿದು ಹೋಯಿತು. ಮಾವ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಎಂಬತ್ತು ದಾಟಿದ ಅವರು ಡ್ರೈವಿಂಗ್ ಬಿಟ್ಟು ವರ್ಷಗಳಾಗಿದ್ದವು.

"ಮಾವ, ಇದನ್ನು ಕೊಟ್ಟುಬಿಡುವುದು ಒಳ್ಳೆಯದಲ್ಲವಾ?" ಎಂದೆ.

"ಕಾಗದ ಎಲ್ಲ ಸರಿ ಉಂಟಲ್ಲ. ತಗಡು ಹೊಸತು ಹಾಕ್ಬಹುದು ಮಾರಾಯ, ಕಾಗದ ಹೊಸತು ಹಾಕ್ಲಿಕ್ಕೆ ಆಗ್ತದಾ? ನಾನು ಓಡಿಸುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಒಂದು ಸಲ ಮಾಟುಂಗಾಕ್ಕೆ ಹೋಗಿ ಬರ್ಬೇಕು. ಅಷ್ಟೇ" ಎಂದರು.

ಆ ಕೆಲಸ ಮುಗಿಯಲು ಹದಿನೆಂಟು ತಿಂಗಳು ಹಿಡಿಯಿತು. ಮುಂದೆ ಬರೆದಿರುವುದರಲ್ಲಿ ಹೆಚ್ಚಿನದು ಆ ಹದಿನೆಂಟು ತಿಂಗಳಲ್ಲಿ ಕೈಯಾರೆ ಮಾಡಿ, ಕಣ್ಣಾರೆ ನೋಡಿ ತಿಳಿದದ್ದು.

ಮನೆಯಲ್ಲಿ ಏನು, ಗ್ಯಾರೇಜಿನಲ್ಲಿ ಏನು

ಊರಿನಲ್ಲಿ ಅಂಗಳವಿದೆ, ಕೊಟ್ಟಿಗೆಯಿದೆ. ಮುಂಬಯಿಯಲ್ಲಿ ನಮಗಿರುವುದು ಹಳದಿ ಗೆರೆ ಎಳೆದ ಒಂದು ಪಾರ್ಕಿಂಗ್ ಜಾಗ, ಅದರ ಮೇಲೆ ನಾಲ್ಕನೇ ಮಾಳಿಗೆಯವರ ಬಟ್ಟೆ ಒಣಗುವ ಹಗ್ಗ. ಇಲ್ಲಿ ವೆಲ್ಡಿಂಗ್ ಸಲ್ಲದು, ಪೇಂಟಿನ ಸ್ಪ್ರೇ ಸಲ್ಲದು. ಸೊಸೈಟಿಯ ಕಾರ್ಯದರ್ಶಿಗೆ ಒಂದು ಪತ್ರ ಬರೆದು ಭಾನುವಾರದ ಎರಡು ಮೂರು ಗಂಟೆ ಸದ್ದಿಲ್ಲದ ಕೆಲಸಕ್ಕೆ ಒಪ್ಪಿಗೆ ಪಡೆದರೆ ಅಷ್ಟೇ ದೊಡ್ಡದು. ಆದರೂ ಅಷ್ಟರಲ್ಲಿ ಅರ್ಧದಷ್ಟು ಕೆಲಸ ಮನೆಯವರೇ ಮಾಡಬಹುದು. ಬಿಚ್ಚುವುದು, ಉಜ್ಜುವುದು, ತೊಳೆಯುವುದು, ಪಟ್ಟಿ ಬರೆಯುವುದು ಇವೆಲ್ಲ ಮೇಸ್ತ್ರಿಯ ಕೂಲಿಯಲ್ಲಿ ದುಬಾರಿ, ನಮ್ಮ ಕೈಯಲ್ಲಿ ಪುಕ್ಕಟೆ.

ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಫೋಟೊ ಮೊಬೈಲಿನಲ್ಲಿ ಇರಲಿ. ಬೋಲ್ಟುಗಳನ್ನು ಆಯಾ ಭಾಗದ ಹೆಸರು ಬರೆದ ಡಬ್ಬಿಗಳಲ್ಲಿ ಹಾಕಿಡಬೇಕು. ನಮ್ಮಲ್ಲಿ ಈ ಕೆಲಸವನ್ನು ವಹಿಸಿಕೊಂಡವಳು ಆರನೇ ತರಗತಿಯ ಹುಡುಗಿ. ಉಪ್ಪಿನಕಾಯಿಯ ಖಾಲಿ ಡಬ್ಬಿಗಳ ಮೇಲೆ 'ಎಡ ಬಾಗಿಲು', 'ಬಲ ಲೈಟು' ಎಂದು ಕನ್ನಡದಲ್ಲೇ ಬರೆದಳು. ಗ್ಯಾರೇಜಿನ ಹುಡುಗರಿಗೆ ಅದನ್ನು ಓದಲಾಗದೆ ಪ್ರತಿಸಲವೂ ಫೋನ್ ಮಾಡಬೇಕಾಗಿ ಬಂದದ್ದು ಬೇರೆ ಮಾತು. ತುಕ್ಕು ಹಿಡಿದ ಬೋಲ್ಟಿಗೆ ಬಲಪ್ರಯೋಗ ಬೇಡ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಗ್ಗೆ ಸಣ್ಣ ಪೆಟ್ಟು ಕೊಟ್ಟು, ತುಸು ಬಿಗಿ ಮಾಡಿ ಆಮೇಲೆ ಸಡಿಲಿಸಿದರೆ ಹತ್ತರಲ್ಲಿ ಎಂಟು ಬರುತ್ತವೆ.

ಜ್ಯಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಇದಕ್ಕೆ ವಿನಾಯಿತಿಯಿಲ್ಲ. ಉಕ್ಕಿನ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಇರಲಿ. ಊರಿನಲ್ಲಿ ಮಾಡುವವರು ಕೆಂಪುಕಲ್ಲು ಪೇರಿಸುವುದನ್ನು ನೋಡಿದ್ದೇನೆ. ಕಲ್ಲು, ಇಟ್ಟಿಗೆ ಯಾವ ಸೂಚನೆಯೂ ಇಲ್ಲದೆ ಒಡೆಯುತ್ತವೆ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದಾದ ಕಾರಣ ಒಣಗಿದ್ದಂತೆ ಉಜ್ಜದೆ, ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಬೇಕು, ಮೂಗಿಗೆ ಮಾಸ್ಕ್ ಬೇಕು. ಬ್ರೇಕಿನ ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ.

ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆದು, ಉಳಿದ ತೆಳು ಕಂದಿಗೆ ಫಾಸ್ಫರಿಕ್ ಆಮ್ಲವಿರುವ ದ್ರಾವಣ ಹಚ್ಚಿದರೆ ಅದು ತುಕ್ಕನ್ನು ಗಟ್ಟಿಯಾದ ಫಾಸ್ಫೇಟ್ ಪದರವಾಗಿ ಮಾರ್ಪಡಿಸುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಈ ಕೆಲಸ. ಚೆನ್ನಾಗಿ ಒಣಗಿದ ದಿನವೇ ಪ್ರೈಮರ್ ಹೊಡೆಯಬೇಕು. ಬರಿ ತಗಡು ಮುಂಬಯಿಯ ಗಾಳಿಯಲ್ಲಿ ಒಂದು ರಾತ್ರಿ ನಿಂತರೆ ಬೆಳಗ್ಗೆ ಮತ್ತೆ ಕೆಂಪು. ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಒಣಹವೆ ಪ್ರಶಸ್ತ. ಒಂದು ಮುಖ್ಯ ಸೂಚನೆ: ಉಜ್ಜುವ ಭರದಲ್ಲಿ ತಗಡಿನ ಮೇಲೆ ಒತ್ತಿರುವ ಚಾಸಿಸ್ ನಂಬರಿನ ಮೇಲೆ ಗ್ರೈಂಡರ್ ಹರಿಯದಿರಲಿ. ಆ ಅಂಕೆಗಳು ಅಳಿಸಿದರೆ ಗಾಡಿ ಕದ್ದದ್ದಲ್ಲ ಎಂದು ಸಾಧಿಸಲು ಮಾಲೀಕರು ಅಲೆಯಬೇಕಾಗುತ್ತದೆ. ಮೊದಲೇ ಅದರ ಮೇಲೆ ಟೇಪ್ ಅಂಟಿಸಿಡಿ.

ತೂತು ಬಿದ್ದ ಕಡೆ ಆಮ್ಲ, ಪುಟ್ಟಿ, ಫೈಬರ್ ಯಾವುದೂ ಪರಿಹಾರವಲ್ಲ. ಕೊಳೆತದ್ದನ್ನು ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ನಮ್ಮ ಕಡೆ ಟಿಂಕರಿಂಗ್ ಎನ್ನುವ ಇದಕ್ಕೆ ಮುಂಬಯಿಯಲ್ಲಿ ಡೆಂಟಿಂಗ್ ಎನ್ನುತ್ತಾರೆ. ಗ್ಯಾಸ್ ವೆಲ್ಡಿಂಗಿನ ಕಾವಿಗೆ ತೆಳು ತಗಡು ಸೊಟ್ಟಗಾಗುವುದರಿಂದ ಮಿಗ್ ವೆಲ್ಡಿಂಗಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುತ್ತ ಬರುವುದು ಮೇಲು. ಬಾಗಿಲ ಕೆಳಗಿನ ಅಂಚನ್ನು ಕತ್ತರಿಸುವ ಮುನ್ನ ಗಾಡಿಯನ್ನು ಸಮತಟ್ಟಾಗಿ ಆಧಾರ ಕೊಟ್ಟು ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಅಡ್ಡ ಸರಳು ಬೆಸೆದಿರಬೇಕು. ಇಲ್ಲದಿದ್ದರೆ ಬಾಡಿ ಬಾಗಿ, ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚದು. ಬ್ಯಾಟರಿ ಕಳಚಿರಬೇಕು, ಪೆಟ್ರೋಲ್ ಟ್ಯಾಂಕ್ ಇಳಿಸಿರಬೇಕು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲು ಹೋಗಲೇಬೇಡಿ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಅಪಾಯಕಾರಿ.

ಬೆಸುಗೆ ಮುಗಿದ ಬಳಿಕ ಆ ಪೆಟ್ಟಿಗೆಯಾಕಾರದ ಅಂಚುಗಳ ಒಳಭಾಗಕ್ಕೆ ಮೇಣದ ದ್ರಾವಣ ಸಿಂಪಡಿಸಬೇಕು. ಹೊರಗೆ ಕಾಣದ ಈ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಕಾರು ಮುಂದೆ ಎಷ್ಟು ಮಳೆಗಾಲ ತಡೆಯುತ್ತದೆ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಪೇಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಿನ ಎರಡು ದ್ರಾವಣ ಬೆರೆಸುವ ಪೇಂಟುಗಳ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಅದನ್ನು ಬೂತ್ ಇರುವವರಿಗೇ ಬಿಡಿ. ಬಣ್ಣ ಬದಲಿಸುವುದಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಮಾವನವರ ಗಾಡಿಗೆ ಮೊದಲಿದ್ದ ಹಾಲುಬಿಳುಪನ್ನೇ ಹೊಡೆಸಿದೆವು.

ಎಂಜಿನ್‌ಗೆ ಅವಸರ ಬೇಡ

ವರ್ಷಗಟ್ಟಲೆ ನಿಂತ ಗಾಡಿಗೆ ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸುವುದು ಅನೇಕರ ಮೊದಲ ಕೆಲಸ. ಒಣಗಿದ ಸಿಲಿಂಡರಿನಲ್ಲಿ ಅಂಟಿಕೊಂಡ ರಿಂಗುಗಳು ಆ ಒಂದು ತಿರುವಿಗೆ ಮುರಿಯಬಹುದು. ನಾಲ್ಕು ಪ್ಲಗ್ಗುಗಳನ್ನು ಕಳಚಿ, ಆ ತೂತುಗಳಲ್ಲಿ ತೆಳು ಎಣ್ಣೆ ಬಿಟ್ಟು ಎರಡು ಮೂರು ದಿನ ಬಿಡಬೇಕು. ಬಳಿಕ ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಹಿಂದೆ ಮುಂದೆ ಮೆಲ್ಲಗೆ ತಳ್ಳಿದರೆ ಎಂಜಿನ್ ಸಡಿಲವಾಗಿದೆಯೋ ಇಲ್ಲವೋ ತಿಳಿಯುತ್ತದೆ. ಆಮೇಲೆ ಹಳೆಯ ಎಂಜಿನ್ ಆಯಿಲ್ ಬದಲು, ರೇಡಿಯೇಟರ್ ತೊಳೆಯುವುದು, ಪಾಯಿಂಟು, ಕಂಡೆನ್ಸರು, ಪ್ಲಗ್ಗು, ಕಾರ್ಬ್ಯುರೇಟರು. ಈ ಎಂಜಿನ್ನಿನ ಹಿರಿಮೆ ಎಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಕಂಪ್ಯೂಟರ್ ಬೇಡ.

ಪೆಟ್ರೋಲಿನ ವಿಷಯ ಮಾತ್ರ ಹೊಸ ತಲೆನೋವು. ಈ ಕಾರುಗಳು ಹುಟ್ಟಿದ್ದು ಸೀಸವಿದ್ದ ಪೆಟ್ರೋಲಿನ ಕಾಲದಲ್ಲಿ. 2000ದಲ್ಲಿ ಅದು ದೇಶದಿಂದ ಹೋಯಿತು. 2025ರ ಹೊತ್ತಿಗೆ ಪಂಪುಗಳಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಮಾದರಿಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರಿನ ವಾಷರುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸುವುದು ಅನಿವಾರ್ಯ. ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ನಿಲ್ಲಬಾರದು. ಎರಡು ವಾರಕ್ಕೊಮ್ಮೆಯಾದರೂ ಗಾಡಿ ಬಿಸಿಯಾಗುವಷ್ಟು ಓಡಬೇಕು.

ಎಂಜಿನ್ ಚಾಲೂ ಆದ ಸಂಭ್ರಮದಲ್ಲಿ ಬ್ರೇಕನ್ನು ಮರೆಯುವಂತಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಣ್ಣೆಯ ಒತ್ತಡದಲ್ಲಿ ಕೆಲಸ. ನಿಂತಲ್ಲೇ ಆ ಎಣ್ಣೆ ತೇವ ಹೀರಿ ಸಿಲಿಂಡರುಗಳನ್ನು ಒಳಗಿನಿಂದ ತಿಂದಿರುತ್ತದೆ. ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳ ರಬ್ಬರು, ಹೋಸು ಎಲ್ಲ ಹೊಸದಾಗಬೇಕು. ಟಯರಿಗೆ ಹೂವು ಚೆನ್ನಾಗಿದ್ದರೂ ಹತ್ತು ವರ್ಷ ಹಳತಾದರೆ ಬಿಸಾಡಿ. ಖರ್ಚು ಉಳಿಸುವುದಾದರೆ ಸೀಟಿನ ರೆಕ್ಸಿನಿನಲ್ಲಿ, ಬಂಪರಿನ ಕ್ರೋಮಿನಲ್ಲಿ ಉಳಿಸಬಹುದು. ಬ್ರೇಕಿನಲ್ಲಿ ಉಳಿಸಿದ ಹಣ ಯಾರಿಗೂ ದಕ್ಕದು.

ಬಿಡಿಭಾಗ, ಮೇಸ್ತ್ರಿ ಮತ್ತು ಗುಜರಿ

ಬಿಡಿಭಾಗಗಳಿಗೆ ಮುಂಬಯಿಯಲ್ಲಿ ಒಪೇರಾ ಹೌಸ್ ಸುತ್ತಲಿನ ಅಂಗಡಿಗಳು, ಕುರ್ಲಾದ ಹಳೆ ಸಾಮಾನಿನ ಸಾಲು, ಚೋರ್ ಬಜಾರ್ ಹಳೆಯ ಠಿಕಾಣಿಗಳು. ಚೆನ್ನೈಯವರಿಗೆ ಪುದುಪೇಟೆ, ದೆಹಲಿಯವರಿಗೆ ಕಾಶ್ಮೀರಿ ಗೇಟ್ ಮತ್ತು ಮಾಯಾಪುರಿ, ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ರಸ್ತೆ. ಎಂಜಿನ್, ಬ್ರೇಕಿನ ಸಾಮಾನು ಇನ್ನೂ ಹೇಗೋ ಸಿಗುತ್ತದೆ. ಸಿಗದಿರುವುದು ಸಣ್ಣಪುಟ್ಟ ಅಲಂಕಾರದ ವಸ್ತುಗಳು: ಬಾಗಿಲ ಹಿಡಿ, ದೀಪದ ಸುತ್ತಿನ ಬಳೆ, ಗಾಜಿನ ಬೀಡಿಂಗ್. ಹಳೆಯದನ್ನು ಬಿಸಾಡದೆ ಇಟ್ಟುಕೊಳ್ಳಿ, ಮುರಿದದ್ದೇ ಹೊಸತು ಮಾಡಿಸಲು ಮಾದರಿ.

ಬಿಡಿಭಾಗಕ್ಕಿಂತ ಅಪರೂಪವಾಗುತ್ತಿರುವುದು ಮೇಸ್ತ್ರಿ. ಸ್ಟಿಯರಿಂಗ್ ಪಕ್ಕದ ಗೇರಿನ ಕೊಂಡಿಗಳನ್ನು ಕಣ್ಣು ಮುಚ್ಚಿ ಹೊಂದಿ­ಸುವವರು, ಕಿವಿಗೊಟ್ಟು ಟ್ಯಾಪೆಟ್ ಸರಿಪಡಿಸುವವರು ಈಗ ಅರುವತ್ತು, ಎಪ್ಪತ್ತರ ಅಂಚಿನಲ್ಲಿದ್ದಾರೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಮಾವನವರ ಗಾಡಿಯ ಮೇಸ್ತ್ರಿ ಮೂರು ದಶಕ ಟ್ಯಾಕ್ಸಿಗಳನ್ನೇ ರಿಪೇರಿ ಮಾಡಿದವರು. ತಮ್ಮ ಗ್ಯಾರೇಜಿಗೆ ಬರುವ ಫಿಯೆಟ್ಟುಗಳನ್ನು ಈಗ ಬೆರಳಲ್ಲಿ ಎಣಿಸಬಹುದು ಎಂದರು. ನಮ್ಮ ಸಂಘಗಳಲ್ಲಿ ಇಂತಹ ಕಾರುಳ್ಳ ನಾಲ್ಕಾರು ಸದಸ್ಯರು ಒಟ್ಟುಗೂಡಿ ಒಬ್ಬ ಹಿರಿಯ ಮೇಸ್ತ್ರಿಯ ಜತೆ ಒಬ್ಬ ಉತ್ಸಾಹಿ ಹುಡುಗನನ್ನು ಕಲಿಯಲು ಕೂರಿಸಿದರೆ ಖರ್ಚೂ ಹಂಚಿಹೋಗುತ್ತದೆ, ವಿದ್ಯೆಯೂ ಉಳಿಯುತ್ತದೆ.

ಪರೀಕ್ಷೆಯಲ್ಲಿ ಗಾಡಿ ಉಳಿಯದು ಎಂದು ಕಂಡರೆ ಸಂಕೋಚಪಡಬೇಕಾಗಿಲ್ಲ. ಆದರೆ ಬೀದಿಯ ಗುಜರಿಯವನಿಗೆ ಕೈಗೆ ಸಿಕ್ಕಷ್ಟಕ್ಕೆ ಕೊಟ್ಟುಬಿಡಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದು, ಆ ನಂಬರ್ ನಾಳೆ ಬೇರೆ ಗಾಡಿಯ ಮೇಲೆ ಓಡಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ, ಆರ್‌ಸಿ ರದ್ದಾಗುತ್ತದೆ, ಹೊಸ ಖಾಸಗಿ ಕಾರು ಕೊಳ್ಳುವಾಗ ಮೋಟಾರು ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಅದಕ್ಕೂ ಮೊದಲು ದೀಪ, ಹಿಡಿ, ಮೀಟರುಗಳನ್ನು ಕಳಚಿ ಇನ್ನೊಬ್ಬ ಫಿಯೆಟ್ ಮಾಲೀಕರಿಗೆ ಕೊಟ್ಟರೆ ಒಂದು ಗಾಡಿ ಸತ್ತು ಇನ್ನೊಂದು ಬದುಕುತ್ತದೆ.

ಊರಿಗೆ ಹೋದಾಗ ಮಕ್ಕಳಿಗೆ ಚೆನ್ನಾಗಿ ಕಾಪಾಡಿದ ಹಳೆಯ ಕಾರುಗಳನ್ನು ತೋರಿಸಬೇಕೆಂದಿದ್ದರೆ ಧರ್ಮಸ್ಥಳದ ಕಾರು ಸಂಗ್ರಹಾಲಯವಿದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ್ದೇ ಆದ 'ಪಯಣ' ಕಾರು ಸಂಗ್ರಹಾಲಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಸಮೀಪವಿದೆ. ಕೆಲಸಕ್ಕೆ ಕೈ ಹಾಕುವ ಮುನ್ನ ಅಲ್ಲಿನ ಗಾಡಿಗಳ ಬೀಡಿಂಗ್, ಬಾಗಿಲ ಅಂಚು, ಡಿಕ್ಕಿಯ ಮುಚ್ಚಳದ ಸಂದುಗಳನ್ನು ಗಮನಿಸಿ ನೋಡಿದರೆ ಮೇಸ್ತ್ರಿಯ ಬಳಿ ಏನು ಕೇಳಬೇಕೆಂಬುದು ತಿಳಿಯುತ್ತದೆ.

ಮಾವನವರ ಗಾಡಿ ಫಿಟ್‌ನೆಸ್ ಪರೀಕ್ಷೆಗೆ ಹೋದಾಗ ಇನ್‌ಸ್ಪೆಕ್ಟರು ಹೊಸ ಪೇಂಟನ್ನು ನೋಡಲೇ ಇಲ್ಲ. ಹೆಡ್‌ಲೈಟು, ಇಂಡಿಕೇಟರು, ವೈಪರು, ಹಾರ್ನು, ಹ್ಯಾಂಡ್‌ಬ್ರೇಕು, ಹೊಗೆಯ ಪ್ರಮಾಣಪತ್ರ, ಕೊನೆಗೆ ಬಗ್ಗಿ ಚಾಸಿಸ್ ನಂಬರು. ಎಡಗಡೆಯ ಹಿಂದಿನ ಇಂಡಿಕೇಟರ್ ಉರಿಯದೆ ಒಂದು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಬಲ್ಬಿನ ಹಿಡಿಕೆಯೊಳಗೆ ಹಸಿರು ತುಕ್ಕು ಕುಳಿತಿತ್ತು. ಎರಡನೇ ಸಲ ಪಾಸಾಯಿತು.